ಟಪಾಲಣ್ಣನ ಔಟ್‌ಬಾಕ್ಸ್

ಅಂಚೆ ಡಬ್ಬಕ್ಕೆ ಕಾಗದ ಹಾಕಿದ ಮೇಲೆ ಡಬ್ಬದ ಹೊಟ್ಟೆಗೆ ಎರಡು ಸಲ ತಟ್ಟಿ, ಅದು ತಳಕ್ಕೆ ಬಿದ್ದಿತೇ ಎಂದು ಕಿವಿಗೊಟ್ಟು ಕೇಳುವ ಮನುಷ್ಯನನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ಶಾಲೆಯ ಕ್ಲಾರ್ಕು. ಹೆಸರು ಬೇಡ. ಮಕ್ಕಳಿಂದ ಹಿಡಿದು ಹೆಡ್ಮಾಸ್ಟ್ರ ತನಕ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಟಪಾಲಣ್ಣ ಎಂದೇ. ಕಳೆದ ತಿಂಗಳು ಅವರು ತೀರಿಹೋದರು. ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಸುದ್ದಿ ಅಂದೇ ಬಂದಿತ್ತಂತೆ. ಆ ಗುಂಪಿನ ಶುಭೋದಯಗಳ ಕಾಟ ತಾಳಲಾರದೆ ನಾನು ಅದರ ಸದ್ದು ಅಡಗಿಸಿ ಇಟ್ಟಿದ್ದೆ. ನೋಡಿದ್ದು ಉತ್ತರಕ್ರಿಯೆಯೂ ಮುಗಿದ ಮೇಲೆ.

ನಮ್ಮದು ಕೇರಳಕ್ಕೆ ಸೇರಿದ ಕಾಸರಗೋಡಿನ ಕಡೆ, ಕುಂಬಳೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಒಳಗೆ ಇರುವ ಕನ್ನಡ ಮಾಧ್ಯಮದ ಸರಕಾರಿ ಹೈಸ್ಕೂಲು. ನಾನು ಅಲ್ಲಿಗೆ ವಿಜ್ಞಾನದ ಟೀಚರಾಗಿ ಸೇರುವಾಗ ಟಪಾಲಣ್ಣನಿಗೆ ಐವತ್ತು ದಾಟಿತ್ತು. ಕುಳ್ಳು ದೇಹ, ಬಿಳಿ ಮುಂಡು, ಕಿಸೆಯಲ್ಲಿ ಎರಡು ಪೆನ್ನು: ನೀಲಿಯದು ಬರೆಯಲಿಕ್ಕೆ, ಕೆಂಪಿನದು ತಪ್ಪು ಒಪ್ಪಿಕೊಳ್ಳಲಿಕ್ಕೆ. ಅವರೇ ಹಾಗೆ ಹೇಳುತ್ತಿದ್ದರು. ಶಾಲೆಯಿಂದ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಅವರ ರವಾನೆ ಪುಸ್ತಕದಲ್ಲಿ ಒಂದು ನಂಬ್ರ, ತಾರೀಕು, ಯಾರಿಗೆ, ಯಾವ ವಿಷಯ, ಕೊನೆಯ ಕಾಲಮ್ಮಿನಲ್ಲಿ ‘ಹೋಗಿದೆ’ ಎಂಬ ಒಂದು ಶಬ್ದ. ಅಕ್ಷರ ಎಷ್ಟು ದುಂಡಗೆ ಎಂದರೆ, ಕಾಪಿ ಬರೆಯಲು ಮಕ್ಕಳಿಗೆ ಆ ಪುಸ್ತಕವನ್ನೇ ಕೊಡಬಹುದಿತ್ತು. ಸ್ಟಾಫ್ ರೂಮಿನಲ್ಲಿ ನಾವು ತಮಾಷೆ ಮಾಡುತ್ತಿದ್ದೆವು, ಟಪಾಲಣ್ಣ ಮನೆಗೆ ಮೀನು ಕೊಂಡುಹೋದರೂ ಹೆಂಡತಿಯ ಹತ್ತಿರ ರುಜು ಹಾಕಿಸಿಕೊಂಡೇ ಕೊಡುವುದು ಎಂದು. ಅವರಿಗೆ ಬೇಸರವಿಲ್ಲ.

"ಟಪಾಲು ಹೋಯಿತು ಅಂತ ನಾವು ಹೇಳಿದರೆ ಹೋದ ಹಾಗಲ್ಲ ಟೀಚರ್. ಸಿಕ್ಕಿತು ಅಂತ ಅವರು ಹೇಳಬೇಕು. ಆಗ ಹೋದ ಹಾಗೆ."

ಈ ಮಾತನ್ನು ಅವರ ಬಾಯಿಂದ ನೂರು ಸಲ ಕೇಳಿದ್ದೇನೆ. ತೊಂಬತ್ತೊಂಬತ್ತು ಸಲ ಆಕಳಿಸಿದ್ದೇನೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಶಾಲೆಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಕೋಣೆ, ಕಿಟಕಿಗೆ ಪರದೆ, ಬಾಗಿಲಲ್ಲಿ ‘ಚಪ್ಪಲಿ ಕಳಚಿ ಒಳಗೆ ಬನ್ನಿ’ ಎಂಬ ಫಲಕ. ಮಂಗಳೂರಿನಲ್ಲಿ ಆರು ತಿಂಗಳ ಕೋರ್ಸು ಮಾಡಿದ್ದೇನೆಂಬ ಒಂದೇ ಕಾರಣಕ್ಕೆ ಅದರ ಉಸ್ತುವಾರಿ ನನ್ನ ತಲೆಗೆ ಬಿತ್ತು. ಬಿತ್ತು ಎನ್ನುವುದು ಸುಳ್ಳು, ನಾನಾಗಿಯೇ ಹೊತ್ತುಕೊಂಡೆ. ಆ ಕೋಣೆಯಲ್ಲಿ ನನ್ನ ಗತ್ತು ಏನು, ಗಾಂಭೀರ್ಯ ಏನು! ಹಾವಾಡಿಗನ ಬುಟ್ಟಿಯ ಸುತ್ತ ನಿಲ್ಲುವಂತೆ ಉಳಿದವರು ದೂರ ನಿಲ್ಲುತ್ತಿದ್ದರು.

ಶಾಲೆಗೆ ಇದ್ದದ್ದು ಒಂದೇ ಫೋನ್ ಲೈನು. ಹೆಡ್ಮಾಸ್ಟ್ರ ಮೇಜಿನ ಮೇಲೆ ಒಂದು ಫೋನು, ಅದೇ ಲೈನಿನ ಇನ್ನೊಂದು ವಯರು ನಮ್ಮ ಮೋಡೆಮ್ಮಿಗೆ. ಇಂಟರ್ನೆಟ್ಟಿಗೆ ಡಯಲ್ ಮಾಡಿದರೆ ಅದು ಕಿರ್ರೋ ಎಂದು ಕೂಗಿ, ಗೊರಗುಟ್ಟಿ, ಆಮೇಲೆ ಸುಮ್ಮನಾಗುತ್ತಿತ್ತು. ಸುಮ್ಮನಾದರೆ ಸಿಕ್ಕಿತು ಎಂದು ಅರ್ಥ. ಅದು ಸಿಕ್ಕಿದಷ್ಟು ಹೊತ್ತು ಶಾಲೆಯ ಫೋನು ಸತ್ತ ಹಾಗೆ. ಅದಕ್ಕಾಗಿ ನಾನೊಂದು ಕ್ರಮ ಮಾಡಿದ್ದೆ. ಕಾಗದಗಳನ್ನೆಲ್ಲ ಲೈನ್ ಇಲ್ಲದೆಯೇ ಟೈಪ್ ಮಾಡಿ ‘ಸೆಂಡ್’ ಒತ್ತಿಡುವುದು. ಅವು ಔಟ್‌ಬಾಕ್ಸ್ ಎಂಬ ಗೂಡಿನಲ್ಲಿ ಕೂತಿರುತ್ತವೆ. ಸಂಜೆ ಒಮ್ಮೆ ಡಯಲ್ ಮಾಡಿದರೆ ಹೋಗುವುದೆಲ್ಲ ಹೋಗಿ, ಬರುವುದೆಲ್ಲ ಬಂದು, ಲೈನು ತಾನಾಗಿಯೇ ಕಡಿಯುತ್ತದೆ.

ಮೊದಲ ಇಮೇಲ್ ಕಳಿಸಿದ ದಿನ ಟಪಾಲಣ್ಣ ಚಪ್ಪಲಿ ಕಳಚಿ, ರವಾನೆ ಪುಸ್ತಕವನ್ನು ಎದೆಗವುಚಿಕೊಂಡು ನನ್ನ ಹಿಂದೆ ನಿಂತಿದ್ದರು.

"ಹೋಯಿತಾ ಟೀಚರ್?"

"ಹೋಯಿತು. ಸೆಂಡ್ ಒತ್ತಿದರೆ ಮುಗಿಯಿತು ಟಪಾಲಣ್ಣ. ನೀವು ನಂಬ್ರ ಹಾಕಿ."

"ಇದಕ್ಕೆ ಅಕ್ನಾಲೆಜ್‌ಮೆಂಟ್ ಕಾರ್ಡು ಇಲ್ವಾ?"

ನಾನು ನಕ್ಕೆ. ಅವರು ಮುಂದೆ ಬಂದು, ಕಂಪ್ಯೂಟರಿನ ತಲೆಗೆ ಎರಡು ಸಲ ತಟ್ಟಿದರು. ಆಮೇಲೆ ಪುಸ್ತಕದಲ್ಲಿ ‘ಹೋಗಿದೆ’ ಎಂದು ಬರೆದರು.

ಆ ವರ್ಷ ನಮ್ಮ ಗಣಿತದ ಮಾಸ್ಟ್ರು ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಬರುವವರಿಗೆ ಮಲಯಾಳ ಮಾತ್ರ, ಕನ್ನಡ ಬರುವುದಿಲ್ಲ ಎಂಬ ಸುದ್ದಿ ಮೊದಲೇ ಮುಟ್ಟಿತ್ತು. ಇದು ನಮ್ಮ ಕಡೆ ಹೊಸತಲ್ಲ. ಕನ್ನಡದಲ್ಲೇ ಕಲಿತು, ಕನ್ನಡದಲ್ಲೇ ಪರೀಕ್ಷೆ ಬರೆಯುವ ಮಕ್ಕಳ ಎದುರು ಕನ್ನಡದ ಗಾಳಿಯೂ ಸೋಕದ ಅಧ್ಯಾಪಕರು ಬಂದು ನಿಲ್ಲುತ್ತಾರೆ. ತಪ್ಪು ಅವರದ್ದೂ ಅಲ್ಲ, ಮಕ್ಕಳದ್ದೂ ಅಲ್ಲ. ಅನುಭವಿಸುವುದು ಮಾತ್ರ ಇಬ್ಬರೂ.

ಟಪಾಲಣ್ಣನ ಕಿರಿಯ ಮಗಳು ಆಗ ಎಂಟನೆಯ ತರಗತಿ. ಮನೆಮಾತು ತುಳು, ಶಾಲೆಯದು ಕನ್ನಡ. ಲೆಕ್ಕ ಎಂದರೆ ಅವಳಿಗೆ ಆಟ. ಬೀಜಗಣಿತದ ಲೆಕ್ಕ ಬೋರ್ಡಿನಲ್ಲಿ ಬರೆದು ಮುಗಿಯುವ ಮೊದಲೇ ಅವಳ ಕೈ ಮೇಲೆ. ನಿವೃತ್ತರಾಗುವ ಮಾಸ್ಟ್ರೇ ಹೇಳುತ್ತಿದ್ದರು, ಈ ಹುಡುಗಿ ಮುಂದೆ ನನ್ನ ಕುರ್ಚಿಯಲ್ಲೇ ಕೂರುತ್ತಾಳೆ ಎಂದು. ಟಪಾಲಣ್ಣ ಅದನ್ನು ಕೇಳಿ ಮುಖ ಆಚೆ ತಿರುಗಿಸಿ ನಗುತ್ತಿದ್ದರು.

ಒಂದು ಗುರುವಾರದ ಅಂಚೆಯಲ್ಲಿ ಮೇಲಿನ ಕಚೇರಿಯ ಒಂದು ಸುತ್ತೋಲೆ ಬಂತು. ಹೊರಟು ಹತ್ತು ದಿನವಾದ ಕಾಗದ. ನೇಮಕಾತಿಯ ಬಗ್ಗೆ ಆಕ್ಷೇಪವಿದ್ದರೆ ಹೆತ್ತವರ ಸಹಿ ಸಮೇತ ಸೋಮವಾರ ಸಂಜೆ ಐದರ ಒಳಗೆ ತಿರುವನಂತಪುರಕ್ಕೆ ತಲುಪಬೇಕು, ಸಹಿ ಇಲ್ಲದ್ದನ್ನೂ ತಡವಾದದ್ದನ್ನೂ ಪರಿಗಣಿಸುವುದಿಲ್ಲ. ಕೆಳಗೆ ಒಂದು ಅಂಚೆ ವಿಳಾಸ, ಒಂದು ಇಮೇಲ್ ವಿಳಾಸ. ಅಂಚೆಗೆ ಸಮಯ ಉಳಿದಿರಲಿಲ್ಲ.

ಟಪಾಲಣ್ಣ ಶುಕ್ರವಾರ ಜುಮಾ ನಮಾಜು ಮುಗಿಯುವ ಹೊತ್ತಿಗೆ ಮಸೀದಿಯ ಗೇಟಿನಲ್ಲಿ ಕಾಗದ ಹಿಡಿದು ನಿಂತರು. ಸಂಜೆ ಮನೆಮನೆ. ಶನಿವಾರ ಬೆಳಿಗ್ಗೆ ಇನ್ನೂ ಉಳಿದ ಮನೆಗಳು. ಆರು ಹಾಳೆ ತುಂಬ ಸಹಿ, ಕೆಲವು ಹೆಬ್ಬೆಟ್ಟು. ಅದನ್ನು ಕುಂಬಳೆಯ ಒಂದು ಸ್ಟುಡಿಯೋಗೆ ಕೊಂಡುಹೋಗಿ ಸ್ಕ್ಯಾನ್ ಮಾಡಿಸಿ ಮೂರು ಫ್ಲಾಪಿಗಳಲ್ಲಿ ತುಂಬಿಸಿಕೊಂಡು ಶಾಲೆಗೆ ಬರುವಾಗ ಮೂರು ಗಂಟೆ. ನಾನು ರಜಾದಿನದಲ್ಲಿ ಬಂದು ಕಾದು ಕೂತಿದ್ದೆ. ನನ್ನ ಬಸ್ಸು ನಾಲ್ಕಕ್ಕೆ. ಅದು ತಪ್ಪಿದರೆ ಆರೂವರೆಗೆ.

ಅರ್ಜಿ ಬರೆದೆ, ಆರು ಹಾಳೆ ಅಂಟಿಸಿದೆ, ಸೆಂಡ್ ಒತ್ತಿ ಡಯಲ್ ಮಾಡಿದೆ. ಕಿರ್ರೋ ಎಂದಿತು, ಸಿಕ್ಕಿತು. ಎರಡು ಹೊಸ ಕಾಗದ ಬಂದು ಬಿದ್ದವು. ಕೊನೆಯಲ್ಲಿ ಕೆಂಪು ಗುರುತಿನ ಒಂದು ಸಣ್ಣ ಪೆಟ್ಟಿಗೆ ತೆರೆಯ ಮೇಲೆ ಮೂಡಿ ಇಂಗ್ಲಿಷಿನಲ್ಲಿ ಏನೋ ಗೊಣಗಿತು. ಆ ಯಂತ್ರ ದಿನವೂ ಏನಾದರೊಂದು ಗೊಣಗುತ್ತಿತ್ತು. ಓದದೆ ಮುಚ್ಚಿದೆ. ಆರು ಹಾಳೆಯ ಅಷ್ಟು ದೊಡ್ಡ ಕಾಗದ ಒಂದು ನಿಮಿಷದಲ್ಲಿ ಹೇಗೆ ಹೋಯಿತು ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಗಡಿಯಾರ ನೋಡುತ್ತಿದ್ದೆ.

"ಹೋಯಿತಾ ಟೀಚರ್?"

"ಹೋಯಿತು."

"ಅಲ್ಲ, ನಾನು ಎಂತ ಹೇಳುದು ಅಂದರೆ, ನಾಳೆ ಕಾಸರಗೋಡಿನಿಂದ ರೈಲು ಹತ್ತಿದರೆ ಸೋಮವಾರ ಬೆಳಿಗ್ಗೆ ಅಲ್ಲಿ ಇರಬಹುದು. ಅಸಲು ಹಾಳೆ ಕೈಯಲ್ಲೇ ಕೊಟ್ಟು, ಒಂದು ಸೀಲು ಹಾಕಿಸಿಕೊಂಡು ಬರ್ತೇನೆ. ಚೀಲ ತುಂಬಿಸಿ ಇಟ್ಟದ್ದು ಉಂಟು."

"ನಿಮಗೆ ಮರುಳಾ ಟಪಾಲಣ್ಣ?" ಎಂದೆ ನಾನು. ಮಾತು ಇದೇ, ಒಂದಕ್ಷರ ಬದಲಿಲ್ಲ. "ಒಂದು ನಿಮಿಷದಲ್ಲಿ ಅಲ್ಲಿ ಮುಟ್ಟಿದ ಕಾಗದದ ಹಿಂದೆ ಒಂದು ಇರುಳು ಇಡೀ ರೈಲಿನಲ್ಲಿ ಕೂತು ಹೋಗುವುದಾ? ಕೇಳಿದವರು ನಗ್ತಾರೆ."

ಅವರು ನಗಲಿಲ್ಲ. ಕಂಪ್ಯೂಟರಿಗೆ ಎರಡು ಸಲ ತಟ್ಟಿದರು, ಪುಸ್ತಕದಲ್ಲಿ ಬರೆದರು. ನನಗೆ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಅವರು ನನ್ನ ಕ್ಲಾಸಿನ ಬಾಗಿಲಿಗೆ ಬಂದರು. "ಸಿಕ್ಕಿತು ಅಂತ ಅಲ್ಲಿಂದ ಎಂತದಾದರೂ ಬಂತಾ, ಒಮ್ಮೆ ನೋಡ್ತೀರಾ ಟೀಚರ್? ಸಮಾಧಾನ ಇಲ್ಲ." ಸಿಡುಕುತ್ತಲೇ ಹೋದೆ. ತೆರೆದರೆ ಔಟ್‌ಬಾಕ್ಸಿನ ಪಕ್ಕದಲ್ಲಿ ಎಂಟು ಎಂಬ ಅಂಕೆ. ಎರಡು ವಾರದ ಏಳು ಕಾಗದಗಳು, ಎಂಟನೆಯದು ಶನಿವಾರದ್ದು. ಒಂದೂ ಗೂಡು ಬಿಟ್ಟು ಹಾರಿರಲಿಲ್ಲ. ಟಪಾಲಣ್ಣನ ಪುಸ್ತಕದಲ್ಲಿ ಎಂಟೂ ‘ಹೋಗಿದೆ’.

ಡಯಲ್ ಮಾಡಿದೆ, ಸಿಕ್ಕಿತು. ಬರುವ ಕಾಗದ ಬಂತು, ಹೋಗುವುದು ಹೋಗಲಿಲ್ಲ. ಪುನಃ ಕೆಂಪು ಪೆಟ್ಟಿಗೆ. ಕುಂಬಳೆಯ ಕಂಪ್ಯೂಟರ್ ರಿಪೇರಿಯವನನ್ನು ಕೇಳೋಣವೆಂದರೆ ಫೋನು ಬೇಕು. ಫೋನಿಗೆ ಇರುವುದು ಇದೇ ಲೈನು, ಲೈನು ಬಿಟ್ಟರೆ ಪುನಃ ಸಿಕ್ಕುವ ಭರವಸೆ ಇಲ್ಲ. ಟಪಾಲಣ್ಣ ಮುಂಡು ಎತ್ತಿ ಕಟ್ಟಿದರು. "ನೀವು ಏಳಬೇಡಿ ಟೀಚರ್. ಎಂತ ಕೇಳಬೇಕು, ಬರೆದು ಕೊಡಿ."

ರಸ್ತೆಯ ಆಚೆ ಒಂದು ಫೋನಂಗಡಿ ಇತ್ತು. ಅಲ್ಲಿಗೆ ಓಡಿದರು, ರಿಪೇರಿಯವನಿಗೆ ಫೋನ್ ಮಾಡಿದರು, ಉತ್ತರವನ್ನು ತಮ್ಮ ಸಣ್ಣ ಪುಸ್ತಕದಲ್ಲಿ ಬರೆದುಕೊಂಡು ವಾಪಸು ಓಡಿಬಂದರು. ಶಾಲೆಯ ಮೆಟ್ಟಿಲು ಹನ್ನೆರಡು. ಚಪ್ಪಲಿ ಕಳಚುವ ನಿಯಮವನ್ನು ಅವರು ಆಗಲೂ ಬಿಡಲಿಲ್ಲ. ಪ್ರತಿ ಸಲ ಕಳಚಿದರು, ಪ್ರತಿ ಸಲ ಹಾಕಿದರು.

"ಮೋಡೆಮ್ ಒಮ್ಮೆ ಆರಿಸಿ ಹಾಕಬೇಕಂತೆ."

ಮಾಡಿದೆ. ಇಲ್ಲ.

"ಪಾಸ್‌ವರ್ಡು ಪುನಃ ಹೊಡೆಯಬೇಕಂತೆ. ದೊಡ್ಡಕ್ಷರ, ಸಣ್ಣಕ್ಷರ ನೋಡಬೇಕಂತೆ."

ಹೊಡೆದೆ. ಇಲ್ಲ. ಮೂರನೆಯ ಸಲ ಅವರು ಆ ಕೆಂಪು ಪೆಟ್ಟಿಗೆಯ ಇಂಗ್ಲಿಷನ್ನು ಅಕ್ಷರ ಅಕ್ಷರ ನಕಲು ಮಾಡಿಕೊಂಡು ಹೋದರು. ತಿರುಗಿ ಬರುವಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಏದುಸಿರು, ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿದೆ.

"ಅವ ಕೇಳಿದ, ಇಂಟರ್ನೆಟ್ಟಿನ ಕಂಪನಿ ಏನಾದರೂ ಬದಲಾಯಿಸಿದ್ದಾ ಅಂತ. ಎರಡು ವಾರ ಆಯ್ತು ಅಂದೆ. ಕಾಗದ ಬರುವ ಬಾಗಿಲು ಬೇರೆಯಂತೆ ಟೀಚರ್, ಹೋಗುವ ಬಾಗಿಲು ಬೇರೆಯಂತೆ. ಹೋಗುವ ಕಡೆ ಇನ್ನೂ ಹಳೇ ಕಂಪನಿಯ ಹೆಸರೇ ಉಂಟಂತೆ. ಹೊಸಬರ ಲೈನಿನಲ್ಲಿ ಹೋದರೆ ಅವರು ಬಾಗಿಲು ತೆಗೆಯುದಿಲ್ಲವಂತೆ. ಈ ಹೆಸರು ಹಾಕಬೇಕಂತೆ, ನೋಡಿ." ಸಣ್ಣ ಪುಸ್ತಕ ಮುಂದೆ ಹಿಡಿದರು.

ಕಂಪನಿ ಬದಲಾಯಿಸಿದವಳು ನಾನು. ಹಳೆಯ ಇಂಟರ್ನೆಟ್ ಪ್ಯಾಕಿನ ಗಂಟೆಗಳು ಮುಗಿದಾಗ ಕುಂಬಳೆಯಿಂದ ಹೊಸ ಕಂಪನಿಯದನ್ನು ತಂದು, ಡಯಲ್ ಮಾಡುವ ನಂಬ್ರ ಒಂದನ್ನು ಬದಲಿಸಿ, ಎಲ್ಲ ಸರಿಯಾಯಿತೆಂದು ಬೀಗಿದವಳು ನಾನು. ಅದು ಅವರಿಗೂ ಗೊತ್ತಿತ್ತು, ಪ್ಯಾಕಿನ ರಶೀದಿ ಫೈಲಿಗೆ ಸೇರಿಸಿದವರೇ ಅವರು. ಅವರು ನನ್ನ ಮುಖ ನೋಡಲಿಲ್ಲ. ಗಡಿಯಾರ ನೋಡಿದರು.

ಹೆಸರು ಬದಲಿಸಿದೆ. ನಾಲ್ಕು ಇಪ್ಪತ್ತೈದಕ್ಕೆ ಹೋಗಲಿಕ್ಕೆ ಸುರುವಾಯಿತು. ಸಣ್ಣ ಏಳು ಪಟಪಟನೆ ಹೋದವು. ದೊಡ್ಡದರ ನೀಲಿ ಗೆರೆ ಮಾತ್ರ ಬಸವನಹುಳದ ಹಾಗೆ ಹರಿಯಿತು. ಕಾಲು ಭಾಗ. ಅರ್ಧ. ನಾಲ್ಕು ಐವತ್ತಕ್ಕೆ ಗೆರೆ ತುದಿಯ ಹತ್ತಿರ ಬಂದಿತ್ತು. ಆಗ ಲೈನು ಕಡಿಯಿತು.

ಹೆಡ್ಮಾಸ್ಟ್ರು ತಮ್ಮ ಕೋಣೆಯಲ್ಲಿ ಫೋನು ಎತ್ತಿದ್ದರು. ನಮ್ಮ ಕಾಗದ ದಾರಿಯಲ್ಲುಂಟು, ಹತ್ತು ನಿಮಿಷ ಕಾಯಿರಿ ಎಂದು ಆ ಕಚೇರಿಗೆ ಹೇಳಲಿಕ್ಕೆ ಎತ್ತಿದ್ದು! ಒಳ್ಳೆಯದಕ್ಕೇ ಎತ್ತಿದ್ದು. ನಾವು ಒಬ್ಬರಿಗೊಬ್ಬರು ಎಷ್ಟು ಒಳ್ಳೆಯವರಾಗಿದ್ದೆವು ಎಂದು ನೆನೆದರೆ ಈಗಲೂ ಕೆಲವೊಮ್ಮೆ ಸಿಟ್ಟು ಬರುತ್ತದೆ.

ಪುನಃ ಡಯಲ್ ಮಾಡಿದೆ, ಪುನಃ ಮೊದಲಿನಿಂದ. ಐದು ಗಂಟೆಗೆ ಗೆರೆ ಇನ್ನೂ ಮೊದಲ ಕಾಲು ಭಾಗದಲ್ಲಿತ್ತು. ಆದರೂ ನಾವಿಬ್ಬರೂ ಏಳಲಿಲ್ಲ. ಐದು ಇಪ್ಪತ್ತಕ್ಕೆ ಔಟ್‌ಬಾಕ್ಸ್ ಖಾಲಿಯಾಯಿತು. ಈ ಸಲ "ಹೋಯಿತಾ ಟೀಚರ್" ಎಂದು ಅವರು ಕೇಳಲಿಲ್ಲ. ಕಂಪ್ಯೂಟರಿಗೆ ತಟ್ಟಲಿಲ್ಲ. "ನಿಮಗೆ ನಾಲ್ಕರ ಬಸ್ಸು ತಪ್ಪಿತಲ್ಲ ಮಾರಾಯ್ರೆ" ಎಂದರು.

ಈಗಿನವರು ಕೇಳುತ್ತಾರೆ, ಬೇರೆ ದಾರಿ ಇರಲಿಲ್ಲವೇ ಎಂದು. ಇತ್ತು. ಆ ಕಾಲದಲ್ಲೂ ಔಟ್‌ಬಾಕ್ಸಿನ ಹಂಗಿಲ್ಲದೆ, ಇಂಟರ್ನೆಟ್ಟಿನ ಬ್ರೌಸರಿನಲ್ಲೇ ನೇರವಾಗಿ ಇಮೇಲ್ ತೆರೆದು ಕಳಿಸಬಹುದಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ರೈಲು ಒಂದಿತ್ತು, ಅದು ಟಪಾಲಣ್ಣನಿಗೆ ಗೊತ್ತಿತ್ತು.

ವಾರದೊಳಗೆ ಉತ್ತರ ಬಂತು. ತಡವಾಗಿ ತಲುಪಿದ್ದರಿಂದ ಪರಿಗಣಿಸಲಾಗದು. ಟಪಾಲಣ್ಣ ಅದನ್ನು ಓದಿ, "ಸಿಕ್ಕಿತು ಅಂತ ಬಂತು ಟೀಚರ್" ಎಂದು ಫೈಲಿಗೆ ಹಾಕಿದರು. ಆಮೇಲೆ ಹೆತ್ತವರು ಬಂದು ಗದ್ದಲ ಮಾಡಿದರು. ಶನಿವಾರ ‘ಹೋಗಿದೆ’ ಎಂದು ಬರೆದ ಕಾಗದ ಸೋಮವಾರ ಹೋದದ್ದು ಹೇಗೆ ಎಂದು ಕಾಸರಗೋಡು ವಿದ್ಯಾನಗರದ ಜಿಲ್ಲಾ ಕಚೇರಿಯಿಂದ ವಿವರಣೆ ಕೇಳಿದರು. ಕೇಳಿದ್ದು ಕ್ಲಾರ್ಕನ್ನು, ಪುಸ್ತಕ ಅವರದ್ದಲ್ಲವೇ.

ಅವರ ಉತ್ತರ ಎರಡೇ ಸಾಲು. ‘ಹೊರಗೆ ಹೋಗುವ ಟಪಾಲು ಹೋಗಿದೆಯೇ ಎಂದು ನೋಡುವ ಕೆಲಸ ನನ್ನದು. ನಾನು ನೋಡದೆ ಬರೆದೆ.’ ರವಾನೆ ಪುಸ್ತಕದಲ್ಲಿ ಆ ಎಂಟು ‘ಹೋಗಿದೆ’ಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ರುಜು ಹಾಕಿದರು. ಮೇಲಿನವರು ತಾಕೀತು ಕೊಟ್ಟು ಅದನ್ನು ಅವರ ಸರ್ವಿಸ್ ಪುಸ್ತಕದಲ್ಲಿ ದಾಖಲಿಸಿದರು. ಮೂವತ್ತು ವರ್ಷದಲ್ಲಿ ಅದರಲ್ಲಿ ಬಿದ್ದ ಮೊದಲ ಕಲೆ.

ನಾನು ಏನು ಮಾಡಿದೆ? ಅವರ ಮೇಜಿನ ಹತ್ತಿರ ಹೋಗಿ ನಿಂತೆ. "ಟಪಾಲಣ್ಣ, ಅದು ನನ್ನ..." ಎಂದೆ.

"ನಿಮ್ಮ ಪ್ರೊಬೇಷನ್ ಮುಗಿಯಲಿಲ್ಲ ಅಲ್ವಾ ಟೀಚರ್?" ಅವರು ತಲೆ ಎತ್ತದೆ ಲಕೋಟೆಗೆ ಗೋಂದು ಹಚ್ಚುತ್ತಿದ್ದರು. "ನನಗೆ ಇನ್ನು ಎರಡು ವರ್ಷ. ನಿಮಗೆ ಇಪ್ಪತ್ತೈದು ಉಂಟು. ಹೋಗಿ, ಬೆಲ್ ಆಯಿತು."

ನಾನು ಹೋದೆ. ಪಾಠ ಮಾಡಿದೆ. ಪ್ರೊಬೇಷನ್ ಮುಗಿದ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಜೂನಿನಲ್ಲಿ ಹೊಸ ಗಣಿತದ ಮಾಸ್ಟ್ರು ಬಂದರು. ತೆಂಕಣ ಜಿಲ್ಲೆಯವರು, ಮೆದು ಮಾತಿನವರು, ಕನ್ನಡದ ಒಂದಕ್ಷರ ಬಾರದು. ಅವರಿಗೆ ಬಾಡಿಗೆ ಕೋಣೆ ಹುಡುಕಿಕೊಟ್ಟವರು ಟಪಾಲಣ್ಣ. ಯಾಕೆ ಇಷ್ಟು ಉಪಚಾರ ಎಂದು ನಾನು ಕೇಳಿದ್ದಕ್ಕೆ, "ಅವರದ್ದೆಂತ ತಪ್ಪು? ಅವರನ್ನೂ ಯಾರೋ ವಿಳಾಸ ನೋಡದೆ ರವಾನೆ ಮಾಡಿದ್ದು" ಎಂದರು. ಮೊದಮೊದಲು ಬಿಡುವಿದ್ದಾಗ ಒಂಬತ್ತನೆಯ ತರಗತಿಯ ಕಿಟಕಿಯ ಹೊರಗೆ ನಿಂತು, ಮಾಸ್ಟ್ರು ಮಲಯಾಳದಲ್ಲಿ ಹೇಳಿದ್ದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಲೆಕ್ಕ ಅವರಿಗೇ ಬಾರದು. ತ್ರಿಕೋನಮಿತಿ ಬರುವಷ್ಟರಲ್ಲಿ ಅವರ ಮಾತು ನಿಂತಿತು. ಮಗಳು ತಲೆ ತಗ್ಗಿಸಿ ಕೂತಿರುತ್ತಿದ್ದಳು. ನಾನು ಪಕ್ಕದ ತರಗತಿಯಿಂದ ನೋಡಿದ್ದೇನೆ. ಅವಳ ಕೈ ಮೇಲೇಳುವುದನ್ನು ಆ ವರ್ಷ ನೋಡಿದ ನೆನಪಿಲ್ಲ.

ಹತ್ತನೆಯಲ್ಲಿ ಅವಳು ಗಣಿತವೊಂದರಲ್ಲೇ ಬಿದ್ದಳು. ಪುನಃ ಕಟ್ಟಿದಳು, ಪುನಃ ಬಿದ್ದಳು. ಅಷ್ಟರಲ್ಲಿ ಟಪಾಲಣ್ಣ ನಿವೃತ್ತರಾಗಿದ್ದರು, ನನಗೆ ವರ್ಗವಾಗಿತ್ತು. ಅವಳು ಬೀಡಿ ಕಟ್ಟುತ್ತಿದ್ದಾಳೆಂದು ಕೇಳಿದೆ, ಆಮೇಲೆ ಮದುವೆಯಾಯಿತೆಂದು ಕೇಳಿದೆ. ಆ ದಾರಿಯಾಗಿ ಹೋಗುವ ಬಸ್ಸು ಸಿಕ್ಕಿದರೂ ನಾನು ಹತ್ತುತ್ತಿರಲಿಲ್ಲ.

ಮೊನ್ನೆ ಹೋದೆ. ಅವಳೇ ಬಾಗಿಲು ತೆಗೆದಳು. ತಂದೆಯದೇ ಕುಳ್ಳು ದೇಹ, ಅದೇ ದುಂಡು ಮುಖ. ನನ್ನನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡಳು. ಗೋಡೆಯ ಮೇಲಿನ ಫೋಟೋಕ್ಕೆ ಮಾಲೆ. ನಾನು ಬಸ್ಸಿನಲ್ಲಿ ಇಡೀ ದಾರಿ, ಆ ತಪ್ಪು ನನ್ನದು ಎಂಬ ಒಂದು ವಾಕ್ಯವನ್ನು ಮನಸ್ಸಿನಲ್ಲೇ ಹೇಳಿ ಹೇಳಿ ಗಟ್ಟಿ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

"ಅಪ್ಪ ಯಾವಾಗಲೂ ನಿಮ್ಮದೇ ಸುದ್ದಿ ಹೇಳ್ತಿದ್ದರು ಟೀಚರ್. ನಾನು ಫೇಲಾಗಿ ಅಳ್ತಾ ಕೂತರೆ ಸಾಕು. ಅಂದು ಆ ಟೀಚರ್ ಬಸ್ಸು ಬಿಟ್ಟು ಕೂತು ನಿನಗೋಸ್ಕರ ಎಷ್ಟು ಒದ್ದಾಡಿದ್ದಾರೆ ಗೊತ್ತುಂಟಾ, ಪಾಪ, ತಪ್ಪು ನನ್ನದು, ಕಾಗದ ಹೋಗಲಿಲ್ಲ ಅಂತ ಅವರಿಗೆ ಕೊನೇ ತನಕ ತಿಳಿಸಲಿಲ್ಲ ನಾನು, ಅಂತ. ನಾನು ಅಪ್ಪನ ಹತ್ತಿರ ಮೂರು ವರ್ಷ ಸರಿಯಾಗಿ ಮಾತಾಡಲಿಲ್ಲ ಟೀಚರ್. ಅದೇ ಈಗ ಬೇಜಾರು."

ಅವಳು ಒಳಗೆ ಹೋಗಿ ಚಹಾ ತಂದಳು. ಸಕ್ಕರೆ ಸಾಕಾ ಎಂದು ಕೇಳಿದಳು. ಸಾಕು ಎಂದೆ. ಕುಡಿದು ಲೋಟ ಕೆಳಗಿಟ್ಟೆ. ನಾಲ್ಕರ ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದೆ.